ವಂದನೆಯೂ ಆರಾಧನೆಯೂ: ಶಾಲಾಮಕ್ಕಳ ದೇಶಭಕ್ತಿಯ ವಿಧಿಗಳ ಕುರಿತು ಒಂದು ವಿಚಾರ

ಅರಸೀಕೆರೆ, ಬೇಲೂರು, ಹಳೇಬೀಡುಗಳ ಶಾಲೆಗಳಲ್ಲಿ, ನಾಡಿನ ಇತರ ಶಾಲೆಗಳಲ್ಲಿರುವಂತೆಯೇ, ದಿನವು ಬೆಳಗಿನ ಸಭೆಯಿಂದ ಆರಂಭವಾಗುತ್ತದೆ. ಪ್ರಾರ್ಥನೆ, ನಾಡಗೀತೆ, ಸಂವಿಧಾನದ ಪೀಠಿಕೆಯ ಪಠಣ, ರಾಷ್ಟ್ರಗೀತೆ ಎಂಬಿವು ಆ ಸಭೆಯ ಅಂಗಗಳು. ನಮ್ಮ ಸಭೆಗಳಿಗೆ ಸೇರಿದ ಮಕ್ಕಳು ಇವುಗಳಲ್ಲಿ ಸಂತೋಷದಿಂದ ಭಾಗವಹಿಸುತ್ತಾರೆ. ಅವರ ಪೋಷಕರಿಗೂ ಸಭಾಪಾಲಕರಿಗೂ ಇದರಲ್ಲಿ ಯಾವ ತೊಡಕೂ ಕಂಡಿಲ್ಲ. ಹೀಗಿರುವಾಗ, "ಮಕ್ಕಳನ್ನು ಈ ವಿಧಿಗಳಿಗೆ ಕಡ್ಡಾಯವಾಗಿ ಒಳಪಡಿಸಬಹುದೇ?" ಎಂಬ ಪ್ರಶ್ನೆಯನ್ನು ದೈವಜ್ಞಾನದ ಪತ್ರಿಕೆಯೊಂದು ಎತ್ತಿಕೊಳ್ಳಬೇಕೇ ಎಂದು ಕೆಲವರು ಕೇಳಬಹುದು.

ಎತ್ತಿಕೊಳ್ಳಲೇಬೇಕೆಂದು ನಮ್ಮ ಅಭಿಪ್ರಾಯ. ಹಾಡುವ ಮಗುವಿನ ವಿಷಯದಲ್ಲಿ ಪ್ರಶ್ನೆಯಿಲ್ಲ. ಎಲ್ಲರೊಡನೆ ಎದ್ದುನಿಂತು ಬಾಯಿ ತೆರೆಯದೆ ಉಳಿಯುವ ಮಗುವಿನ ವಿಷಯದಲ್ಲಿ ಪ್ರಶ್ನೆಯಿದೆ. ಆ ಮಗು ನಮ್ಮ ಸಭೆಯದಲ್ಲದಿರಬಹುದು. ಅದರ ಮನೆಯವರ ಬೋಧನೆಯನ್ನು ನಾವು ತಪ್ಪೆಂದು ಎಣಿಸುವವರೇ ಆಗಿರಬಹುದು. ಆದರೂ ಅದರ ಮೌನದ ಎದುರಿನಲ್ಲಿ ನಾವು ಯಾವ ಪಕ್ಷದಲ್ಲಿ ನಿಲ್ಲುತ್ತೇವೆ ಎಂಬುದು ವಂದನೆ, ಆರಾಧನೆ, ಮನಸ್ಸಾಕ್ಷಿ ಎಂಬ ಮೂರು ಪದಗಳನ್ನು ನಾವು ಹೇಗೆ ಗ್ರಹಿಸಿದ್ದೇವೆಂಬುದನ್ನು ತೋರಿಸಿಕೊಡುತ್ತದೆ.

1. ವಿಧಿಗಳು ಬದಲಾಗುತ್ತವೆ

ಹಾಸನ ಜಿಲ್ಲೆಯು ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ಸಂಸ್ಥಾನದ ಗೀತೆಯಾಗಿದ್ದದ್ದು ಬಸಪ್ಪ ಶಾಸ್ತ್ರಿಗಳು ರಚಿಸಿದ 'ಕಾಯೌ ಶ್ರೀ ಗೌರಿ'. ಅದು ಮಹಾರಾಜರನ್ನು ಕಾಪಾಡೆಂದು ದೇವಿಯಲ್ಲಿ ಮಾಡುವ ಪ್ರಾರ್ಥನೆ. 1938ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಸಮೀಪದ ಶಿವಪುರದಲ್ಲಿ ತ್ರಿವರ್ಣ ಧ್ವಜವನ್ನು ಹಾರಿಸಿದವರು ಸರ್ಕಾರದ ನಿಷೇಧವನ್ನು ಮುರಿದು ಬಂಧನಕ್ಕೊಳಗಾದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಗುಂಡು ಹಾರಿ ಪ್ರಾಣಹಾನಿಯಾಯಿತು. 1950ರ ಜನವರಿ 24ರಂದು 'ಜನ ಗಣ ಮನ' ರಾಷ್ಟ್ರಗೀತೆಯಾಯಿತು. 2004ರಲ್ಲಿ ಕುವೆಂಪು ಅವರ ಗೀತೆಯನ್ನು ರಾಜ್ಯ ಸರ್ಕಾರವು ನಾಡಗೀತೆಯೆಂದು ಘೋಷಿಸಿತು. 2022ರ ಆಗಸ್ಟ್‌ನಲ್ಲಿ ಎಲ್ಲ ಶಾಲೆಗಳಲ್ಲೂ ಪದವಿಪೂರ್ವ ಕಾಲೇಜುಗಳಲ್ಲೂ ರಾಷ್ಟ್ರಗೀತೆಯನ್ನು ಹಾಡಿಸುವುದು ಕಡ್ಡಾಯವೆಂಬ ಆದೇಶ ಹೊರಟಿತು. 2023ರಲ್ಲಿ ಬೇರೊಂದು ಪಕ್ಷದ ಸರ್ಕಾರವು ಪೀಠಿಕೆಯ ಪಠಣವನ್ನು ಇದಕ್ಕೆ ಸೇರಿಸಿತು.

ಒಬ್ಬ ಮನುಷ್ಯನ ಆಯುಷ್ಯದೊಳಗೇ ಒಂದೇ ಶಾಲೆಯ ಅಂಗಳದಲ್ಲಿ ಎಷ್ಟೊಂದು ಬದಲಾವಣೆಗಳಾದವು! ಒಂದು ಕಾಲದಲ್ಲಿ ಅಪರಾಧವಾಗಿದ್ದ ಧ್ವಜಾರೋಹಣವು ಮತ್ತೊಂದು ಕಾಲದಲ್ಲಿ ಕರ್ತವ್ಯವಾಯಿತು. ಇದರಿಂದ ಈ ವಿಧಿಗಳು ಬೆಲೆಯಿಲ್ಲದವೆಂದು ಸಿದ್ಧವಾಗುವುದಿಲ್ಲ. ಶಿವಪುರದವರು ಧ್ವಜಕ್ಕಾಗಿ ಸೆರೆಮನೆಗೆ ಹೋದದ್ದೇ ಅದರ ಬೆಲೆಗೆ ಸಾಕ್ಷಿ. ಆದರೆ ಅವರ ವಂದನೆಗೆ ಬೆಲೆ ಬಂದದ್ದು ಯಾರೂ ಅದನ್ನು ಅವರಿಂದ ಬಲವಂತವಾಗಿ ಪಡೆಯದೆ ಇದ್ದುದರಿಂದ ಎಂಬುದನ್ನು ಮರೆಯಬಾರದು.

2. ಕಾನೂನು ಏನು ಹೇಳುತ್ತದೆ

ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯದವರೆಗೆ ಒಯ್ದವರು ನೆರೆಯ ಕೇರಳದ ಒಂದೇ ಮನೆಯ ಮೂವರು ಮಕ್ಕಳು. ಅವರು ಯೆಹೋವನ ಸಾಕ್ಷಿಗಳೆಂಬ ಪಂಥಕ್ಕೆ ಸೇರಿದವರು. ರಾಷ್ಟ್ರಗೀತೆಯ ಸಮಯದಲ್ಲಿ ಅವರು ಗೌರವದಿಂದ ಎದ್ದುನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ತಮ್ಮ ದೇವರಿಗೆ ಮಾಡುವ ಪ್ರಾರ್ಥನೆಯ ಹೊರತು ಬೇರಾವ ವಿಧಿಯಲ್ಲೂ ಸೇರಲು ತಮ್ಮ ನಂಬಿಕೆಯಲ್ಲಿ ಅವಕಾಶವಿಲ್ಲವೆಂಬುದು ಅವರ ವಾದ. ವಿಷಯವು ವಿಧಾನಸಭೆಯಲ್ಲಿ ಪ್ರಸ್ತಾಪವಾಯಿತು. ವಿಚಾರಣೆಗೆ ನೇಮಿಸಿದ ಆಯೋಗವು ಮಕ್ಕಳು ಕಾನೂನಿಗೆ ವಿಧೇಯರು, ರಾಷ್ಟ್ರಗೀತೆಗೆ ಅಗೌರವ ತೋರಿದವರಲ್ಲ ಎಂದು ವರದಿ ಮಾಡಿತು. ಆದರೂ 1985ರ ಜುಲೈ 26ರಂದು ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ಉಚ್ಚ ನ್ಯಾಯಾಲಯದಲ್ಲಿ ಅವರಿಗೆ ಸೋಲಾಯಿತು.

1986ರ ಆಗಸ್ಟ್ 11ರಂದು ನ್ಯಾಯಮೂರ್ತಿಗಳಾದ ಓ. ಚಿನ್ನಪ್ಪ ರೆಡ್ಡಿ ಮತ್ತು ಎಂ. ಎಂ. ದತ್ ಅವರ ಪೀಠವು 'ಬಿಜೋ ಇಮ್ಯಾನುಯೆಲ್ ವಿರುದ್ಧ ಕೇರಳ ರಾಜ್ಯ' ಎಂಬ ಪ್ರಕರಣದಲ್ಲಿ ಮಕ್ಕಳ ಪರವಾಗಿ ತೀರ್ಪಿತ್ತಿತು. ಅದರ ಸಾರಾಂಶವಿಷ್ಟು. ರಾಷ್ಟ್ರಗೀತೆಯನ್ನು ಹಾಡಲೇಬೇಕೆಂದು ಒಬ್ಬನನ್ನು ಬಂಧಿಸುವ ಶಾಸನ ಯಾವುದೂ ಇಲ್ಲ. 1971ರ ರಾಷ್ಟ್ರೀಯ ಗೌರವ ಅಪಮಾನ ತಡೆ ಕಾಯಿದೆಯು ಹಾಡುವುದಕ್ಕೆ ಬೇಕೆಂದೇ ತಡೆಯೊಡ್ಡುವುದನ್ನೂ ಹಾಡುತ್ತಿರುವ ಸಭೆಯನ್ನು ಕೆಡಿಸುವುದನ್ನೂ ದಂಡನೀಯವಾಗಿಸುತ್ತದೆಯೇ ಹೊರತು ಮೌನವನ್ನಲ್ಲ. ಗೌರವದಿಂದ ಎದ್ದುನಿಂತವನು ಹಾಡದಿದ್ದ ಮಾತ್ರಕ್ಕೆ ಅಗೌರವ ತೋರಿದಂತಾಗುವುದಿಲ್ಲ. ಇಲಾಖೆಯ ಸುತ್ತೋಲೆಗಳಿಗೆ ಶಾಸನದ ಬಲವಿಲ್ಲವಾದ್ದರಿಂದ ಅವುಗಳ ಆಧಾರದ ಮೇಲೆ 19(1)(ಎ) ಮತ್ತು 25(1)ನೆಯ ಅನುಚ್ಛೇದಗಳ ಹಕ್ಕುಗಳನ್ನು ಕಸಿಯಲಾಗದು. ಒಂದು ನಂಬಿಕೆಯು ನ್ಯಾಯಾಧೀಶನಿಗೆ ಯುಕ್ತವೆಂದು ತೋರುತ್ತದೆಯೇ ಎಂಬುದು ಮುಖ್ಯವಲ್ಲ, ಅದು ನಂಬುವವನ ಮನಸ್ಸಿನಲ್ಲಿ ಪ್ರಾಮಾಣಿಕವಾಗಿದೆಯೇ ಎಂಬುದೇ ಮುಖ್ಯ. ಶಾಲೆಯಲ್ಲಿ ರಾಷ್ಟ್ರಗೀತೆಯನ್ನು ಏರ್ಪಡಿಸುವುದು ಒಂದು ವಿಷಯ, ಪ್ರತಿಯೊಂದು ಮಗುವಿನ ಬಾಯಿಂದ ಅದನ್ನು ಹೊರಡಿಸುವುದು ಇನ್ನೊಂದು. ಆದಕಾರಣ ಶಾಲೆಗಳ ಮೇಲೆ ಕರ್ತವ್ಯವನ್ನು ಹೊರಿಸುವ ಆದೇಶಗಳನ್ನು ಈ ತೀರ್ಪಿನ ಬೆಳಕಿನಲ್ಲಿಯೇ ಓದಬೇಕಾಗುತ್ತದೆ.

ಅಮೆರಿಕದ ಇತಿಹಾಸವೂ ಇಲ್ಲಿ ಬೋಧಪ್ರದವಾಗಿದೆ. ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1940ರಲ್ಲಿ ಗೊಬೈಟಿಸ್ ಪ್ರಕರಣದಲ್ಲಿ ಶಾಲಾಮಕ್ಕಳಿಂದ ಧ್ವಜವಂದನೆಯನ್ನು ಕಡ್ಡಾಯವಾಗಿ ಪಡೆಯಬಹುದೆಂದು ಹೇಳಿತು. ಅದರ ಬೆನ್ನಿಗೆ ಯೆಹೋವನ ಸಾಕ್ಷಿಗಳ ಮೇಲೆ ಹಲವೆಡೆ ಹಲ್ಲೆಗಳಾದವು. ಮೂರೇ ವರ್ಷಗಳಲ್ಲಿ, ಯುದ್ಧವು ಇನ್ನೂ ನಡೆಯುತ್ತಿದ್ದಾಗಲೇ, 1943ರ ಬಾರ್ನೆಟ್ ಪ್ರಕರಣದಲ್ಲಿ ಅದೇ ನ್ಯಾಯಾಲಯವು ತನ್ನ ತೀರ್ಪನ್ನು ತಾನೇ ತಿರಸ್ಕರಿಸಿತು. ಒಮ್ಮತವನ್ನು ಬಲವಂತದಿಂದ ಕಟ್ಟಲು ಹೊರಟರೆ ದ್ವೇಷಕ್ಕೆ ದಾರಿಯಾಗುತ್ತದೆಂಬುದನ್ನು ಆ ಮೂರು ವರ್ಷಗಳು ಕಲಿಸಿದವು.

3. ಹಾಸನದ ಕಲ್ಲುಗಳ ಸಾಕ್ಷ್ಯ

ಮನಸ್ಸಾಕ್ಷಿಯ ಸ್ವಾತಂತ್ರ್ಯವು ಪಶ್ಚಿಮದಿಂದ ಬಂದ ವಿಚಾರ, ಈ ನೆಲಕ್ಕೆ ಹೊರಗಿನದು ಎಂಬ ಆಕ್ಷೇಪಣೆಯನ್ನು ನಾವು ಕೇಳುತ್ತೇವೆ. ಇದೇ ಜಿಲ್ಲೆಯ ಕಲ್ಲುಗಳು ಬೇರೆ ಮಾತನ್ನು ಹೇಳುತ್ತವೆ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಗರುಡಗಂಬವೊಂದು ನಿಂತಿದೆ. ಒಡೆಯನು ಸತ್ತ ಮೇಲೆ ತಾವು ಬದುಕಿರುವುದಿಲ್ಲವೆಂದು ವ್ರತ ತೊಟ್ಟ ವೀರರಿಗೆ ಹೊಯ್ಸಳರ ನಾಡಿನಲ್ಲಿ ಗರುಡರೆಂಬ ಹೆಸರಿತ್ತು. ಇಮ್ಮಡಿ ಬಲ್ಲಾಳನು 1220ರ ಸುಮಾರಿಗೆ ತೀರಿಕೊಂಡಾಗ ಕುವರ ಲಕ್ಷ್ಮನೆಂಬವನು ಪತ್ನಿಯೊಡನೆಯೂ ಸಂಗಡಿಗರೊಡನೆಯೂ ಪ್ರಾಣವನ್ನರ್ಪಿಸಿದುದನ್ನು ಆ ಕಂಬವು ಸಾರುತ್ತದೆ. ಶಾಲಾಪ್ರವಾಸಕ್ಕೆ ಬಂದ ಮಕ್ಕಳು ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ. ರಾಜನಿಗೆ ಸಲ್ಲಬಹುದಾದ ನಿಷ್ಠೆಯ ತುತ್ತತುದಿ ಇದು. ಆ ನಿಷ್ಠೆಯ ಧೈರ್ಯಕ್ಕೆ ತಲೆಬಾಗಿದರೂ, ತನ್ನ ಸರ್ವಸ್ವವನ್ನೂ ಒಬ್ಬ ಒಡೆಯನಿಗೆ ಮುಡಿಪಿಡುವ ಮಾತನ್ನು ಕ್ರೈಸ್ತನು ದೀಕ್ಷಾಸ್ನಾನದಲ್ಲಿ ಆಗಲೇ ಕೊಟ್ಟಿದ್ದಾನೆ. ಅದನ್ನು ಎರಡನೆಯ ಒಡೆಯನಿಗೆ ಕೊಡಲಾರನು. ಇನ್ನೊಂದು ಮಾತು: ಗರುಡರ ವ್ರತವೂ ಬೆಳೆದವರು ತಾವಾಗಿ ತೊಟ್ಟ ವ್ರತವಾಗಿತ್ತು.

ಬೇಲೂರಿನಲ್ಲಿ ಬೇರೊಂದು ರೂಢಿಯಿದೆ. ಚನ್ನಕೇಶವಸ್ವಾಮಿಯ ರಥೋತ್ಸವದ ಸಂದರ್ಭದಲ್ಲಿ ಖಾಜಿಯೊಬ್ಬರು ಕುರಾನಿನ ವಾಕ್ಯಗಳನ್ನು ಪಠಿಸಿ ಗೌರವ ಸಲ್ಲಿಸುವುದು ಬಹುಕಾಲದಿಂದ ನಡೆದುಬಂದಿದೆ. 2022ರಲ್ಲಿ ಇದಕ್ಕೆ ವಿರೋಧ ಬಂದರೂ ಆ ವರ್ಷವೂ ಪಠಣ ನಡೆಯಿತು. ಈ ರೂಢಿಯ ಧಾರ್ಮಿಕ ಅರ್ಥವನ್ನು ನಿರ್ಣಯಿಸುವುದು ನಮ್ಮ ಕೆಲಸವಲ್ಲ. ಖಾಜಿಯವರು ಊರಿನ ಉತ್ಸವಕ್ಕೆ ಸಲ್ಲಿಸುವ ಗೌರವವನ್ನು ತಮ್ಮ ನಂಬಿಕೆಯ ಮಾತುಗಳಲ್ಲಿ ಸಲ್ಲಿಸುತ್ತಾರೆಂಬುದಷ್ಟೇ ನಮಗೆ ಬೇಕಾದ ಅಂಶ. ಗೌರವ ಒಂದೇ ಆಗಿದ್ದರೂ ಅದನ್ನು ತೋರುವ ರೀತಿ ಒಂದೇ ಆಗಿರಬೇಕಾಗಿಲ್ಲವೆಂಬುದನ್ನು ಆ ಊರು ಬಲ್ಲದು.

ಮೂರನೆಯ ಸಾಕ್ಷ್ಯವು ಇದೇ ಜಿಲ್ಲೆಯ ಶ್ರವಣಬೆಳಗೊಳದ 1368ರ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವೆದ್ದಾಗ ಜೈನರು ವಿಜಯನಗರದ ಬುಕ್ಕರಾಯನಲ್ಲಿ ದೂರಿತ್ತರು. ಪಂಚಮಹಾವಾದ್ಯಗಳನ್ನೂ ಕಲಶವನ್ನೂ ಬಳಸುವ ಹಕ್ಕು, ಅಂದರೆ ಬಹಿರಂಗ ಗೌರವದ ವಿಧಿಗಳು, ಆ ವಿವಾದದಲ್ಲಿ ಸೇರಿದ್ದವು. ರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರಿಗೆ ಒದಗಿದ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮದೆಂದೇ ಎಣಿಸಿ ಅವರನ್ನು ಕಾಯಬೇಕೆಂದು ವಿಧಿಸಿದನು. ದುರ್ಬಲರ ಮಾನವನ್ನು ಕಾಯುವ ಹೊಣೆ ಪ್ರಬಲರ ಕೈಗೇ ಬಂದಿತು. ಅಪೊಸ್ತಲನಾದ ಪೌಲನ ಬೋಧನೆಗೆ ಇದು ಎಷ್ಟು ಹತ್ತಿರವೆಂಬುದನ್ನು ಮುಂದೆ ನೋಡೋಣ.

4. ಶಾಸ್ತ್ರದ ಬೋಧನೆ

ದೇಶಭಕ್ತಿಯ ವಿಧಿಗಳ ಮಾತು ಬಂದೊಡನೆ ನಮ್ಮ ಬೋಧಕರು ದಾನಿಯೇಲನ ಗ್ರಂಥದ 3ನೆಯ ಅಧ್ಯಾಯವನ್ನು ನೆನೆಯುತ್ತಾರೆ. ನೆಬೂಕದ್ನೆಚ್ಚರನ ವಾದ್ಯಗಳು ಮೊಳಗಿದಾಗ ಶದ್ರಕ್, ಮೇಶಕ್, ಅಬೇದ್‌ನೆಗೋ ಎಂಬುವರು ಅಡ್ಡಬೀಳಲಿಲ್ಲ. ಆದರೆ ಅರಸುಗಳ ಎರಡನೆಯ ಗ್ರಂಥದ 5ನೆಯ ಅಧ್ಯಾಯವೂ ಅದೇ ಶಾಸ್ತ್ರದಲ್ಲಿದೆ. ಆರಾಮ್ಯರ ಸೇನಾಧಿಪತಿಯಾದ ನಾಮಾನನು ತನ್ನ ರಾಜನೊಡನೆ ರಿಮ್ಮೋನನ ಮಂದಿರದಲ್ಲಿ ಬಾಗಬೇಕಾದೀತೆಂದು ಮುಂಚಿತವಾಗಿಯೇ ಕ್ಷಮೆ ಬೇಡಿದಾಗ ಎಲೀಷನು ಅವನನ್ನು ಸಮಾಧಾನದಿಂದ ಕಳುಹಿಸಿಕೊಟ್ಟನು. ಒಂದೇ ಬಗೆಯ ಶರೀರಚಲನೆ ಒಂದೆಡೆ ಧರ್ಮದ್ರೋಹ, ಇನ್ನೊಂದೆಡೆ ಕ್ಷಮಿಸಬಹುದಾದ ಉದ್ಯೋಗಧರ್ಮ. ಬಾಗುವವನು ಯಾವ ಭಾವದಿಂದ ಬಾಗುತ್ತಾನೆ, ಬಾಗಿಸುವವನು ಏನನ್ನು ಕೇಳುತ್ತಾನೆ ಎಂಬುದರ ಮೇಲೆ ವ್ಯತ್ಯಾಸ ನಿಂತಿದೆ.

ಹೊಸ ಒಡಂಬಡಿಕೆಯು ಈ ವ್ಯತ್ಯಾಸವನ್ನು ಪದಗಳಲ್ಲೇ ಗುರುತಿಸುತ್ತದೆ. ಪೇತ್ರನ ಮೊದಲನೆಯ ಪತ್ರಿಕೆಯ 2:17ರಲ್ಲಿ ಭಯಭಕ್ತಿ ದೇವರಿಗೆ, ಸನ್ಮಾನ ಅರಸನಿಗೆ. ಕೈಸರನ ನಾಣ್ಯವನ್ನು ಕೈಸರನಿಗೆ ಕೊಡಬೇಕೆಂದು ಹೇಳಿದ ಕರ್ತನು ದೇವರದನ್ನು ದೇವರಿಗಾಗಿಯೇ ಉಳಿಸಿದನು. 180ರಲ್ಲಿ ಕಾರ್ಥೇಜಿನಲ್ಲಿ ಕೊಲ್ಲಲ್ಪಟ್ಟ ಸ್ಕಿಲ್ಲಿಯದ ಸಾಕ್ಷಿಗಳ ಪೈಕಿ ದೊನಾತಳೆಂಬಾಕೆ ಅಧಿಕಾರಿಯ ಮುಂದೆ ಹೇಳಿದ್ದೂ ಇದನ್ನೇ: ಕೈಸರನೆಂಬ ಕಾರಣಕ್ಕೆ ಕೈಸರನಿಗೆ ಮಾನ ಸಲ್ಲುತ್ತದೆ, ಭಯವಾದರೋ ದೇವರಿಗೆ ಮಾತ್ರ.

ಈ ಅಳತೆಯಿಂದ ನೋಡಿದರೆ ನಮ್ಮ ರಾಷ್ಟ್ರಗೀತೆಯನ್ನೂ ನಾಡಗೀತೆಯನ್ನೂ ಹಾಡುವುದು ಆರಾಧನೆಯಲ್ಲವೆಂದು ನಾವು ತಿಳಿಯುತ್ತೇವೆ. ನಾಡನ್ನು ತಾಯಿಯೆಂದು ಕರೆಯುವುದು ಕಾವ್ಯದ ರೀತಿ. ಚೀಯೋನನ್ನು ಕುಮಾರಿಯೆಂದು ಕರೆದ ಪ್ರವಾದಿಗಳಿಗೂ ಅದು ತಿಳಿದಿತ್ತು. ಆದುದರಿಂದ ನಮ್ಮ ಮಕ್ಕಳು ಹಾಡಲಿ, ಅರ್ಥವನ್ನರಿತು ಹಾಡಲಿ. ಆದರೆ "ಇದು ಕೇವಲ ನಾಗರಿಕ ವಿಧಿ" ಎಂಬ ಸಮಾಧಾನವು ಎಲ್ಲ ಕಾಲಕ್ಕೂ ಸಾಕಾಗುವುದಿಲ್ಲ. 1932ರಲ್ಲಿ ಟೋಕಿಯೋದ ಸೋಫಿಯಾ ವಿಶ್ವವಿದ್ಯಾಲಯದ ಕೆಲವು ಕಥೋಲಿಕ ವಿದ್ಯಾರ್ಥಿಗಳು ಯಾಸುಕುನಿ ಗುಡಿಯಲ್ಲಿ ವಂದಿಸಲು ನಿರಾಕರಿಸಿದರು. 1936ರಲ್ಲಿ ರೋಮಿನ ಧರ್ಮಪ್ರಚಾರ ಪರಿಷತ್ತು ಆ ವಂದನೆಯು ದೇಶಪ್ರೇಮದ ಕುರುಹೆಂದು ಒಪ್ಪಿಕೊಂಡಿತು. ಜಪಾನಿನ ಆಳ್ವಿಕೆಯಲ್ಲಿದ್ದ ಕೊರಿಯದಲ್ಲಿ 1938ರಲ್ಲಿ ಪ್ರೆಸ್ಬಿಟೇರಿಯನ್ ಸಭೆಯ ಮಹಾಸಭೆಯು ಪೊಲೀಸರ ಒತ್ತಾಯದ ನಡುವೆ ಅದೇ ತೀರ್ಮಾನವನ್ನು ಮಾಡಿತು. ಒಪ್ಪದ ಸಭಾಪಾಲಕ ಜು ಗಿ ಚೊಲ್ ಅವರು 1944ರಲ್ಲಿ ಸೆರೆಯಲ್ಲಿ ಸತ್ತರು. ಮುಂದಿನ ತಲೆಮಾರು ಸಾಕ್ಷಿಯೆಂದು ನೆನೆದದ್ದು ಅವರನ್ನು. ಭಾರತದ ಇಂದಿನ ಸ್ಥಿತಿಯು ಅದಲ್ಲ. ಆದರೂ ನಿರಾಕರಿಸುವ ಹಕ್ಕು ಬದುಕಿರುವಷ್ಟು ಕಾಲ ಮಾತ್ರ ವಂದನೆಯು ವಂದನೆಯಾಗಿ ಉಳಿಯುತ್ತದೆಂಬ ಪಾಠವು ಎಲ್ಲ ಸಭೆಗಳಿಗೂ ಸಲ್ಲುತ್ತದೆ.

ಇಲ್ಲಿಂದ ಪೌಲನ ಬೋಧನೆಗೆ ಬರೋಣ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ಅವನು ಬಲವುಳ್ಳವರ ವಾದವನ್ನು ಒಪ್ಪುತ್ತಾನೆ: ವಿಗ್ರಹವು ಏನೂ ಅಲ್ಲ, ಅದಕ್ಕೆ ಅರ್ಪಿಸಿದ ಆಹಾರವು ನಮ್ಮನ್ನು ಕೆಡಿಸುವುದಿಲ್ಲ. ಒಪ್ಪಿದ ಮೇಲೂ, ಹಾಗೆ ತಿಳಿಯಲಾರದ ಸಹೋದರನ ಮನಸ್ಸಾಕ್ಷಿಯನ್ನು ಗಾಯಗೊಳಿಸುವುದು ಕ್ರಿಸ್ತನಿಗೆ ವಿರೋಧವಾದ ಪಾಪವೆಂದು ಎಚ್ಚರಿಸುತ್ತಾನೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೆಯ ಅಧ್ಯಾಯದ ಕೊನೆಯ ಮಾತೂ ಹಾಗೆಯೇ: ಸಂಶಯಪಡುತ್ತಾ ಮಾಡಿದ ಕಾರ್ಯವು ನಂಬಿಕೆಯಿಂದ ಹುಟ್ಟದೆ ಇರುವುದರಿಂದ ಅದು ಮಾಡಿದವನಿಗೆ ಪಾಪವಾಗುತ್ತದೆ. ತಪ್ಪು ತಿಳಿವಳಿಕೆಯ ಮನಸ್ಸಾಕ್ಷಿಯ ವಿರುದ್ಧ ನಡೆಯುವುದೂ ಪಾಪವೇ ಎಂದು ಥಾಮಸ್ ಅಕ್ವಿನಾಸನು ಬೋಧಿಸಿದ್ದು ಈ ಆಧಾರದ ಮೇಲೆಯೇ. ಹೀಗಿರುವಲ್ಲಿ, ನಮಗೆ ನಿರ್ದೋಷವಾಗಿ ತೋರುವ ಗೀತೆಯನ್ನು ಪಾಪವೆಂದು ನಂಬಿರುವ ಮಗುವಿನಿಂದ ಹೊರಡಿಸಿದರೆ ನಾವು ಆ ಮಗುವಿಗೆ ದೇಶಭಕ್ತಿಯನ್ನು ಕಲಿಸಿದಂತಾಗುವುದಿಲ್ಲ. ತಾನು ಪಾಪವೆಂದು ತಿಳಿದದ್ದನ್ನು ದಂಡನೆಯ ಭಯದಿಂದ ಮಾಡಬಹುದೆಂದು ಕಲಿಸಿದಂತಾಗುತ್ತದೆ.

5. ಆಕ್ಷೇಪಣೆಗಳು

ಮಕ್ಕಳಿಗೆ ಸ್ವಂತ ಮನಸ್ಸಾಕ್ಷಿ ಎಲ್ಲಿದೆ, ಅವರು ಹೆತ್ತವರ ಮಾತನ್ನು ಹೇಳುತ್ತಾರಷ್ಟೇ ಎಂದು ಕೆಲವರು ವಾದಿಸುತ್ತಾರೆ. ಈ ವಾದವು ಎರಡೂ ಕಡೆ ಕೊಯ್ಯುವ ಕತ್ತಿ. ನಿರಾಕರಿಸುವಷ್ಟು ತಿಳಿವಳಿಕೆಯಿಲ್ಲದ ಮಗುವಿಗೆ ನಿಷ್ಠೆಯ ಮಾತು ಕೊಡುವಷ್ಟು ತಿಳಿವಳಿಕೆಯೂ ಇರಲಾರದು. ಅದಲ್ಲದೆ ಹೆತ್ತವರ ನಂಬಿಕೆಗಾಗಿ ಮಗುವನ್ನು ಶಾಲೆಯಿಂದ ಹೊರಹಾಕಿದರೆ ಹೊರೆ ಬೀಳುವುದು ಮಗುವಿನ ಮೇಲೆ. ಕೇರಳದ ಆ ಮಕ್ಕಳ ವಿಷಯದಲ್ಲಿ ಅಂತಿಮ ತೀರ್ಪು ಬರುವ ವೇಳೆಗೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಕಳೆದುಹೋಗಿತ್ತು.

ಒಬ್ಬನಿಗೆ ವಿನಾಯಿತಿ ಕೊಟ್ಟರೆ ಶಿಸ್ತು ಕೆಡುತ್ತದೆಂಬುದು ಎರಡನೆಯ ಆಕ್ಷೇಪಣೆ. ಎದ್ದುನಿಲ್ಲುವುದು, ಅಲುಗಾಡದಿರುವುದು, ಇತರರಿಗೆ ತೊಂದರೆ ಮಾಡದಿರುವುದು ಶಿಸ್ತಿಗೆ ಸೇರಿದವು. ಇವುಗಳನ್ನು ಎಲ್ಲ ಮಕ್ಕಳಿಂದಲೂ ಅಪೇಕ್ಷಿಸುವುದು ನ್ಯಾಯವೇ. ನಂಬಿಕೆಯ ಮಾತನ್ನು ಉಚ್ಚರಿಸುವುದು ಶಿಸ್ತಿನ ವ್ಯಾಪ್ತಿಗೆ ಸೇರಿದ್ದಲ್ಲ.

ಮೂರನೆಯ ಆಕ್ಷೇಪಣೆಯು ನಮ್ಮವರಿಂದಲೇ ಬರುತ್ತದೆ. ಕ್ರೈಸ್ತರ ದೇಶನಿಷ್ಠೆಯನ್ನು ಶಂಕಿಸುವವರಿರುವಾಗ, ನಾವು ಒಪ್ಪದ ಪಂಥವೊಂದರ ಮಕ್ಕಳಿಗಾಗಿ ಮಾತನಾಡಿ ನಮ್ಮ ಮೇಲೆಯೇ ಶಂಕೆಯನ್ನು ಏಕೆ ಎಳೆದುಕೊಳ್ಳಬೇಕು? ಸಣ್ಣ ಊರಿನ ಸಭಾಪಾಲಕನಿಗೆ ಈ ಭಯವು ಸಣ್ಣದಲ್ಲವೆಂಬುದನ್ನು ಬಲ್ಲೆವು. ಆದರೆ ಈ ಮಾತನ್ನಾಡಲು ತಕ್ಕವರು ನಾವೇ. ಹಾಡದವರ ಪರವಾಗಿ ಹಾಡದವರೇ ಮಾತನಾಡಿದರೆ ಅದು ಸ್ವಾರ್ಥವೆನಿಸುತ್ತದೆ. ಹಾಡುವವರು ಮಾತನಾಡಿದರೆ ಅದು ನ್ಯಾಯದ ಮಾತಾಗುತ್ತದೆ. ಶ್ರವಣಬೆಳಗೊಳದ ಶಾಸನದ ತಾತ್ಪರ್ಯವೂ ಪೌಲನ ತಾತ್ಪರ್ಯವೂ ಇಲ್ಲಿ ಕೂಡುತ್ತವೆ.

6. ನಮ್ಮ ಶಾಲೆಗಳು, ನಮ್ಮ ಕರ್ತವ್ಯ

ಈ ವಾದವನ್ನು ಇಷ್ಟಕ್ಕೇ ನಿಲ್ಲಿಸಿದರೆ ಅದು ಅರ್ಧ ಪ್ರಾಮಾಣಿಕತೆಯಾದೀತು. ಸಭೆಗಳು ನಡೆಸುವ ಶಾಲೆಗಳಲ್ಲಿಯೂ ಬೆಳಗಿನ ಸಭೆಯುಂಟು. ಅಲ್ಲಿ ಕರ್ತನ ಪ್ರಾರ್ಥನೆಯೂ ಕೀರ್ತನೆಯೂ ಉಂಟು. ಅಲ್ಲಿ ನಿಂತಿರುವ ಮಕ್ಕಳಲ್ಲಿ ಅನೇಕರು ಹಿಂದೂಗಳು, ಮುಸಲ್ಮಾನರು, ಜೈನರು. ರಾಜ್ಯದ ಮಾನ್ಯತೆಯನ್ನಾಗಲಿ ಅನುದಾನವನ್ನಾಗಲಿ ಪಡೆದ ಶಾಲೆಯಲ್ಲಿ ಯಾವ ವಿದ್ಯಾರ್ಥಿಯನ್ನೂ ಅವನ ಸಮ್ಮತಿಯಿಲ್ಲದೆ, ಅಪ್ರಾಪ್ತನಾದರೆ ಪೋಷಕರ ಸಮ್ಮತಿಯಿಲ್ಲದೆ, ಧಾರ್ಮಿಕ ಬೋಧನೆಗಾಗಲಿ ಆರಾಧನೆಗಾಗಲಿ ಹಾಜರಾಗುವಂತೆ ಮಾಡಬಾರದೆಂದು ಸಂವಿಧಾನದ 28(3)ನೆಯ ಅನುಚ್ಛೇದವು ಹೇಳುತ್ತದೆ. ರಾಷ್ಟ್ರಗೀತೆಯಾದರೋ ಆರಾಧನೆಯೇ ಅಲ್ಲವೆಂದು ಮೇಲೆ ಹೇಳಿದೆವು. ನಮ್ಮ ಪ್ರಾರ್ಥನೆಯು ನಿಸ್ಸಂದೇಹವಾಗಿ ಆರಾಧನೆ. ಹಾಗಾದರೆ ಅದನ್ನು ಹೇಳದಿರುವ ಸ್ವಾತಂತ್ರ್ಯವು ನಮ್ಮ ಅಂಗಳದಲ್ಲಿ ಇನ್ನೂ ಸ್ಪಷ್ಟವಾಗಿರಬೇಕಲ್ಲವೇ? ದೇವರ ಆತ್ಮನಿಂದ ಹುಟ್ಟದ ಪ್ರಾರ್ಥನೆಯು ಹಾಜರಿಯ ಭಯದಿಂದ ಹುಟ್ಟುವುದಿಲ್ಲ.

ಆದುದರಿಂದ ಸಭಾಸೇವೆಗೆ ಸಿದ್ಧರಾಗುತ್ತಿರುವವರೂ ಸೇವೆಯಲ್ಲಿರುವವರೂ ಕೆಲವು ಸಂಗತಿಗಳನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು. ಮೊದಲನೆಯದಾಗಿ, ಜನವರಿ 26 ಮತ್ತು ಆಗಸ್ಟ್ 15ರ ಆರಾಧನೆಗಳಲ್ಲಿ ವಂದನೆಗೂ ಆರಾಧನೆಗೂ ಇರುವ ಭೇದವನ್ನು ಸಭೆಗೆ ಬಿಡಿಸಿ ಹೇಳಬೇಕು. ಎರಡನೆಯದಾಗಿ, ಭಾನುವಾರದ ಶಾಲೆಯಲ್ಲಿ ರಾಷ್ಟ್ರಗೀತೆ, ನಾಡಗೀತೆ, ಪೀಠಿಕೆಗಳ ಅರ್ಥವನ್ನು ಮಕ್ಕಳಿಗೆ ತಿಳಿಸಬೇಕು. ಪೀಠಿಕೆಯಲ್ಲಿ ನಂಬಿಕೆಯ ಸ್ವಾತಂತ್ರ್ಯವೂ ಸೇರಿದೆಯೆಂಬುದನ್ನು ವಿಶೇಷವಾಗಿ ತೋರಿಸಬೇಕು. ಮೂರನೆಯದಾಗಿ, ಊರಿನ ಯಾವ ಮಗುವಾದರೂ ಹಾಡದ ಕಾರಣಕ್ಕೆ ದಂಡನೆಗೆ ಒಳಗಾದರೆ, ಬಹಿರಂಗ ಹೇಳಿಕೆಗೆ ಮುಂಚೆ ಮುಖ್ಯೋಪಾಧ್ಯಾಯರನ್ನು ಕಂಡು 1986ರ ತೀರ್ಪನ್ನು ಸೌಮ್ಯವಾಗಿ ತಿಳಿಸಿ, ಮಗು ಗೌರವದಿಂದ ನಿಂತರೆ ಸಾಕೆಂಬ ಒಪ್ಪಂದಕ್ಕೆ ಯತ್ನಿಸಬೇಕು. ಅನೇಕ ಉಪಾಧ್ಯಾಯರಿಗೆ ಬೇಕಾದದ್ದೂ ಇಂಥ ದಾರಿಯೇ. ನಾಲ್ಕನೆಯದಾಗಿ, ನಮ್ಮ ಆಡಳಿತದ ಶಾಲೆಗಳಲ್ಲಿ ಪ್ರಾರ್ಥನೆಯ ವಿಷಯದಲ್ಲಿ ಪೋಷಕರ ಸಮ್ಮತಿಯನ್ನು ಪ್ರವೇಶದ ಸಮಯದಲ್ಲೇ ಕೇಳಬೇಕು. ಸಮ್ಮತಿಸದವರ ಮಕ್ಕಳು ಸಹಪಾಠಿಗಳ ಮುಂದೆ ನಾಚಿಕೆಪಡದಂತೆ ನೋಡಿಕೊಳ್ಳಬೇಕು.

ದೇಶವನ್ನು ಪ್ರೀತಿಸುವುದು ಒಳ್ಳೆಯದು; ಮಕ್ಕಳಿಗೆ ಅದನ್ನು ಕಲಿಸುವುದು ಶಾಲೆಯ ಕರ್ತವ್ಯವೂ ಸಭೆಯ ಕರ್ತವ್ಯವೂ ಆಗಿದೆ. ಆದರೆ ಪ್ರೀತಿಯನ್ನು ಆಜ್ಞಾಪಿಸುವ ಅಧಿಕಾರವು ನಮ್ಮನ್ನು ಮೊದಲು ಪ್ರೀತಿಸಿದಾತನೊಬ್ಬನಿಗೇ ಸೇರಿದ್ದು. ಆತನೂ ಯಾರ ಬಾಯನ್ನೂ ಬಲವಂತವಾಗಿ ತೆರೆಯಿಸಲಿಲ್ಲ. ಆತನಿಗಿಂತ ಹೆಚ್ಚಿನ ಅಧಿಕಾರವನ್ನು ನಾವು ಯಾವ ಶಾಲೆಗೂ, ನಮ್ಮ ಶಾಲೆಗೂ ಸಹ, ಕೊಡಲಾರೆವು.